ಪುಸ್ತಕ ಕೊಡಬೇಡಿ, ತಗೊಂಡು ಹೋಗಿ: ಮುಂಬೈನ ಕನ್ನಡ ಗ್ರಂಥಾಲಯಗಳ ಬಗ್ಗೆ ಒಂದಿಷ್ಟು ಮಾತು

ಪೊವಾಯಿ, ಐರೋಲಿ, ಗೋರೆಗಾಂವ್, ಖಾರ್ಘರ್ ಅಂತ ಎಲ್ಲೆಲ್ಲಿಂದಲೋ ಲೋಕಲ್ ಹಿಡಿದು ಬಂದಿದೀರಿ. ಅದೂ ಮೆಗಾ ಬ್ಲಾಕ್ ಇರೋ ಭಾನುವಾರ. ಹಾಗಾಗಿ ಪೀಠಿಕೆ ಜಾಸ್ತಿ ಹಾಕಲ್ಲ.

ನಾನು ವಾರದಲ್ಲಿ ಐದು ದಿನ ಸಾಫ್ಟ್‌ವೇರ್ ಬರೀತೀನಿ. ಭಾನುವಾರ ಸಂಜೆ ನಾಲ್ಕರಿಂದ ಆರರವರೆಗೆ ನಮ್ಮ ಉಪನಗರದ ಒಂದು ಕನ್ನಡ ಸಂಘದ ವಾಚನಾಲಯದಲ್ಲಿ ಕೂತಿರ್ತೀನಿ. ಅಲ್ಲಿ ಕೂತವನಿಗೆ ಎರಡೇ ಪ್ರಶ್ನೆ ಬರ್ತವೆ. ಒಂದು, ಮುಂಬೈನಲ್ಲಿ ಕನ್ನಡ ಪುಸ್ತಕ ಎಲ್ಲಿ ಸಿಗುತ್ತೆ? ಎರಡನೇದು, ನಮ್ಮ ಮನೇಲಿ ನಾಲ್ಕು ಡಬ್ಬ ಪುಸ್ತಕ ಇದೆ, ನಿಮ್ಮ ಲೈಬ್ರರಿಗೆ ಕೊಡಬಹುದಾ? ಎರಡನೇ ಪ್ರಶ್ನೆ ಮೊದಲನೇದಕ್ಕಿಂತ ಎಷ್ಟೋ ಪಟ್ಟು ಹೆಚ್ಚು ಬರುತ್ತೆ. ತೊಂದರೆ ಇರೋದೇ ಅಲ್ಲಿ, ಇವತ್ತಿನ ಮಾತೂ ಅದರ ಬಗ್ಗೆನೇ.

ಬೆಂಗಳೂರು, ಮೈಸೂರು, ಹುಬ್ಬಳ್ಳಿಯಲ್ಲಿ ಬೆಳೆದವರಿಗೆ ಗ್ರಂಥಾಲಯ ಅಂದ್ರೆ ಸರ್ಕಾರದ್ದು. ಬಡಾವಣೆಗೊಂದು ಶಾಖೆ, ಅಲ್ಲೊಬ್ಬ ಸಿಬ್ಬಂದಿ, ಬೆಳಿಗ್ಗೆ ಪೇಪರ್ ಓದೋಕೆ ಬರೋ ನಿವೃತ್ತರು. ಇದೆಲ್ಲ ನಡೆಯೋದು 1965ರ ಕರ್ನಾಟಕ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯಿಂದ. ಅಲ್ಲಿ ಆಸ್ತಿ ತೆರಿಗೆ ಜೊತೆ ಶೇಕಡಾ 6 ಗ್ರಂಥಾಲಯ ಕರ ಕಟ್ಟಬೇಕು. ಊರಲ್ಲಿ ಮನೆ ಇದ್ರೆ ರಸೀದಿ ತೆಗೆದು ನೋಡಿ, ಒಂದು ಸಾಲಲ್ಲಿ ಇರುತ್ತೆ. ಮಹಾರಾಷ್ಟ್ರದ ಕಾಯ್ದೆ 1967ರದ್ದು. ಅದರಲ್ಲಿ ಕರ ಇಲ್ಲ. ಇಲ್ಲಿನ ಬಹುಪಾಲು ಗ್ರಂಥಾಲಯಗಳನ್ನ ನಡೆಸೋದು ಸ್ಥಳೀಯ ಸಂಸ್ಥೆಗಳು, ಅಂದ್ರೆ ಜನ. ಮಾನ್ಯತೆ ತಗೊಂಡ ಗ್ರಂಥಾಲಯಕ್ಕೆ ದರ್ಜೆ ಕೊಟ್ಟು, ಆ ದರ್ಜೆ ಪ್ರಕಾರ ಸರ್ಕಾರ ಅನುದಾನ ಕೊಡುತ್ತೆ. ಅಂದ್ರೆ ಇಲ್ಲಿ ಯಾರೋ ನಾಲ್ಕು ಜನ ಬಾಗಿಲು ತೆರೆದ್ರೆ ಮಾತ್ರ ಗ್ರಂಥಾಲಯ ಇರುತ್ತೆ. ಇಲ್ಲಾಂದ್ರೆ ಇಲ್ಲ.

ನಮ್ಮವರು ಹಾಗೆ ಬಾಗಿಲು ತೆರೆದಿದ್ದರು, ಅದೂ ಈ ಕಾಯ್ದೆಗಿಂತ ಎಷ್ಟೋ ಮೊದಲು. ಮಾಟುಂಗ ಪೂರ್ವದ ಭಾವು ದಾಜಿ ರಸ್ತೆಯಲ್ಲಿರೋ ಮೈಸೂರು ಅಸೋಸಿಯೇಷನ್ 1926ರದ್ದು. ಅವರ 'ನೇಸರು' ತಿಂಗಳ ಪತ್ರಿಕೆ ನಿಮ್ಮಲ್ಲಿ ಕೆಲವರಾದರೂ ನೋಡಿರ್ತೀರಿ. ಟ್ರ್ಯಾಕಿನ ಆ ಕಡೆ, ಮೊಗಲ್ ಲೇನಿನಲ್ಲಿ, ವಿಶ್ವೇಶ್ವರಯ್ಯ ಸ್ಮಾರಕ ಮಂದಿರದ ಕರ್ನಾಟಕ ಸಂಘ 1933ರದ್ದು. ಇದಲ್ಲದೆ ಫೋರ್ಟ್ ಕಡೆ ಕನ್ನಡ ರಾತ್ರಿ ಶಾಲೆಗಳಿದ್ದವು. ಉಡುಪಿ, ಕುಂದಾಪುರ ಕಡೆಯಿಂದ ಬಂದ ಹುಡುಗರು ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಅಲ್ಲಿ ಕೂತು ಕನ್ನಡದಲ್ಲಿ ಓದಿ ಪರೀಕ್ಷೆ ಪಾಸ್ ಮಾಡ್ತಿದ್ರು. ಅವರಿಗೆ ಊರಿನ ಸುದ್ದಿ ಇರೋ ಒಂದು ಪತ್ರಿಕೆ ಅಂದ್ರೆ ಎಷ್ಟು ದೊಡ್ಡದು ಅಂತ ಈಗ ನಮಗೆ ಊಹಿಸೋಕೂ ಕಷ್ಟ.

ಈಗ ಆ ಡಬ್ಬಗಳ ವಿಷಯಕ್ಕೆ ಬರ್ತೀನಿ. ಹೀಗೆ ಬಂದು ಬ್ಯಾಂಕು, ರೈಲ್ವೆ, ಎಲ್‌ಐಸಿ ಸೇರಿದ ತಲೆಮಾರು ಪುಸ್ತಕ ಕೊಂಡಿತು. ಮುಲುಂಡಿನ, ಡೊಂಬಿವ್ಲಿಯ ಒಂದು ರೂಮ್ ಕಿಚನ್ ಮನೇಲೂ ಕಾರಂತ, ಭೈರಪ್ಪ, ಚಿತ್ತಾಲ ಇರ್ತಿದ್ರು. ಈಗ ಆ ಹಿರಿಯರು ಒಬ್ಬೊಬ್ಬರಾಗಿ ಹೋಗ್ತಾ ಇದ್ದಾರೆ. ಮಕ್ಕಳಿಗೆ ಕನ್ನಡ ಮಾತಾಡೋಕೆ ಬರುತ್ತೆ, ಓದೋಕೆ ಬರಲ್ಲ. ಫ್ಲ್ಯಾಟ್ ರಿಪೇರಿಗೆ ಬಂದಾಗ ಎರಡು ಫೋನ್ ಹೋಗುತ್ತೆ. ಒಂದು ಸಂಘಕ್ಕೆ, ಇನ್ನೊಂದು ರದ್ದಿಯವನಿಗೆ. ಯಾರು ಮೊದಲು ಬರ್ತಾರೋ ಅವರಿಗೆ. ನಾನು ಸಂಘದ ಪರವಾಗಿ ಓಡಿದ್ದೀನಿ. ಒಂದು ಮನೇಲಿ ಮಗ ಡಬ್ಬ ಎತ್ತಿಕೊಡ್ತಾ, "ಇದರಲ್ಲಿ ಅಪ್ಪನ ಹೆಸರು ಬರೆದಿರೋ ಪುಸ್ತಕ ಯಾವುದು, ಒಂದು ತೆಗೆದುಕೊಡ್ತೀರಾ?" ಅಂದ. ಎಲ್ಲದರಲ್ಲೂ ಬರೆದಿತ್ತು, ಕನ್ನಡದಲ್ಲಿ. ಅವನಿಗೆ ಅದು ಕಾಣಿಸಿರಲಿಲ್ಲ.

ಡಬ್ಬ ತಂದು ವಾಚನಾಲಯದಲ್ಲಿ ಇಳಿಸಿದ್ರೆ ನಮ್ಮ ಮಾಸ್ತರು ತಲೆ ಚಚ್ಚಿಕೊಳ್ತಾರೆ. ಗ್ರಂಥಪಾಲರನ್ನ ನಾವೆಲ್ಲ ಮಾಸ್ತರು ಅಂತಲೇ ಕರೆಯೋದು, ವಯಸ್ಸು ಎಪ್ಪತ್ತು ದಾಟಿದೆ. "ಪರ್ವ ಆರನೇ ಪ್ರತಿ! ಇಡ್ಲಿಕ್ಕೆ ಜಾಗ ಎಲ್ಲುಂಟು ಮಾರಾಯ್ರೇ? ಪುಸ್ತಕ ತರಬೇಡಿ, ಓದುವವರನ್ನು ತನ್ನಿ" ಅಂತಾರೆ. ಪುಸ್ತಕದ ಹಿಂದೆ ಅಂಟಿಸಿರೋ ದಿನಾಂಕದ ಚೀಟಿ ನೋಡಿದ್ರೆ ಅವರ ಮಾತು ಅರ್ಥ ಆಗುತ್ತೆ. ಎಷ್ಟೋ ಚೀಟಿಗಳಲ್ಲಿ ಕೊನೇ ಮುದ್ರೆ ತೊಂಬತ್ತರ ದಶಕದ್ದು.

ಅದಕ್ಕೇ ನಾನು ಹೇಳೋದು, ದಯವಿಟ್ಟು ಪುಸ್ತಕ ಕೊಡಬೇಡಿ. ಒಂದು ತಗೊಂಡು ಹೋಗಿ. ಮುಂಬೈನಲ್ಲಿ ಜಾಗದ ಬೆಲೆ ಎಷ್ಟು ಅಂತ ನಿಮ್ಮ ಬಾಡಿಗೆ ಕರಾರು ಹೇಳುತ್ತೆ. ಸಂಘದ ಸಭೆಯಲ್ಲಿ ಯಾರಾದರೂ, ಈ ರೂಮನ್ನ ಮದುವೆ ಹಾಲಿನ ಉಗ್ರಾಣ ಮಾಡೋಣ ಅಂದಾಗ, ಬೇಡ ಅನ್ನೋಕೆ ಮಾಸ್ತರ ಕೈಲಿ ಇರೋ ಆಧಾರ ಒಂದೇ, ಎರವಲು ರಿಜಿಸ್ಟರ್. ಅದರಲ್ಲಿ ಹೆಸರಿಲ್ಲ ಅಂದ್ರೆ ಅವರು ಏನಂತ ವಾದ ಮಾಡ್ತಾರೆ? ಹತ್ತು ಸಾವಿರ ಪುಸ್ತಕ ಇದೆ ಅಂದ್ರೆ, ಹೌದು, ಅದಕ್ಕೇ ತೆಗೀಬೇಕು ಅಂತಾರೆ.

ನಮ್ಮ ಐಟಿಯವರ ಒಂದು ಚಾಳಿ ಬಗ್ಗೆ ಹೇಳಲೇಬೇಕು. ವಾಚನಾಲಯಕ್ಕೆ ಬಂದ ಹತ್ತನೇ ನಿಮಿಷಕ್ಕೆ, "ಒಂದು ಆ್ಯಪ್ ಮಾಡೋಣ ಸರ್" ಅಂತಾರೆ. ಬೇಡ. ಗ್ರಂಥಾಲಯ ನಡೆಸೋಕೆ 'ಕೋಹಾ' ಅಂತ ಮುಕ್ತ ತಂತ್ರಾಂಶ ಇದೆ. ನ್ಯೂಜಿಲೆಂಡಿನ ಒಂದು ಸಣ್ಣ ಊರಿನ ಗ್ರಂಥಾಲಯದ ಹಳೇ ಸಾಫ್ಟ್‌ವೇರು ವೈಟುಕೆ ದಾಟಲ್ಲ ಅಂತ ಗೊತ್ತಾದಾಗ 1999ರಲ್ಲಿ ಇದನ್ನ ಬರೆಸಿದ್ರು, 2000ದ ಜನವರಿಯಿಂದ ಬಳಕೆಗೆ ಬಂತು. ಕೋಹಾ ಅಂದ್ರೆ ಮಾವೋರಿ ಭಾಷೇಲಿ ಕಾಣಿಕೆ ಅಂತ ಅರ್ಥ. ಯೂನಿಕೋಡ್ ಕನ್ನಡ ಅದರಲ್ಲಿ ಕೂರುತ್ತೆ. ಸಾಫ್ಟ್‌ವೇರಿಗೆ ಕೊರತೆ ಇಲ್ಲ, ಒಳಗೆ ಸರಿಯಾದ ಹೆಸರು ತುಂಬೋರಿಗೆ ಕೊರತೆ.

ಇದು ಸಣ್ಣ ಕೆಲಸ ಅನ್ನಿಸಬಹುದು, ಆದರೆ ಮಜಾ ಇದೆ. ಹಳೇ ಪಟ್ಟಿಯನ್ನ ಯಾರೋ ಪುಣ್ಯಾತ್ಮರು ನುಡಿಯ ಹಳೇ ಫಾಂಟಿನಲ್ಲಿ ಟೈಪ್ ಮಾಡಿಟ್ಟಿದ್ರು. ಈಗಿನ ಕಂಪ್ಯೂಟರಿನಲ್ಲಿ ತೆರೆದ್ರೆ ಬರೀ ಕಾಗೆ ಕಾಲು, ಗುಬ್ಬಿ ಕಾಲು. ಅದನ್ನ ಯೂನಿಕೋಡಿಗೆ ತಿರುಗಿಸಿದ್ವಿ. ಆಮೇಲೆ ಹುಡುಕಿದ್ರೆ 'ಬಂಡಾಯ' ಸಿಗ್ತಿಲ್ಲ. ಕಣ್ಣಿಗೆ ಕಾಣ್ತಾ ಇದೆ, ಹುಡುಕಿದ್ರೆ ಸಿಗಲ್ಲ! ನೋಡಿದ್ರೆ ಅನುಸ್ವಾರದ ಜಾಗದಲ್ಲಿ ಯಾರೋ ಕನ್ನಡದ ಸೊನ್ನೆ ಅಂಕಿ ಹೊಡೆದಿದ್ರು. ಎರಡೂ ದುಂಡಗೇ ಇರ್ತವೆ, ಕಂಪ್ಯೂಟರಿಗೆ ಮಾತ್ರ ಬೇರೆ ಬೇರೆ. 'ೋ' ಅನ್ನೋ ಒಂದು ಗುಣಿತ ಚಿಹ್ನೆಯನ್ನ ಒಂದೇ ಸಂಕೇತವಾಗಿಯೂ ಬರೀಬಹುದು, ಮೂರು ತುಂಡಾಗಿಯೂ ಬರೀಬಹುದು. ಇನ್ನು ಇಂಗ್ಲಿಷ್ ಅಕ್ಷರದಲ್ಲಿ ಚಿತ್ತಾಲರ ಹೆಸರನ್ನ ನಾಲ್ಕು ಥರ ಬರೆದಿದ್ರು. ನೀವು ಆಫೀಸಿನಲ್ಲಿ ದಿನಾ ಮಾಡೋ ಡೇಟಾ ಕ್ಲೀನಿಂಗೇ ಇದು. ಇಲ್ಲಿ ಸಂಬಳ ಇಲ್ಲ, ಚಹಾ ಇದೆ. ಆದರೆ ಎರಡು ಭಾನುವಾರ ಕೂತ್ರೆ ಒಂದು ಕಪಾಟು ಪೂರ್ತಿ ಹುಡುಕಿದ್ರೆ ಸಿಗೋ ಹಾಗಾಗುತ್ತೆ.

ಕಾರ್ಯಕ್ರಮಗಳ ಬಗ್ಗೆ ನನ್ನ ಅಭಿಪ್ರಾಯ ಸ್ವಲ್ಪ ಖಾರ. ಶಾಲು, ಪೇಟ, ಹಣ್ಣಿನ ಬುಟ್ಟಿ, ವೇದಿಕೆ ಮೇಲೆ ಹನ್ನೆರಡು ಕುರ್ಚಿ, ಕೊನೇಲಿ ಪುಸ್ತಕದ ಬಗ್ಗೆ ಐದು ನಿಮಿಷ, ಆಮೇಲೆ ಊಟ. ಊಟ ಚೆನ್ನಾಗಿರುತ್ತೆ, ಅದರಲ್ಲಿ ಎರಡು ಮಾತಿಲ್ಲ. ಆದರೆ ಅಂಥ ಕಾರ್ಯಕ್ರಮದ ಮಾರನೇ ದಿನ ರಿಜಿಸ್ಟರಿನಲ್ಲಿ ಒಂದು ಹೆಸರೂ ಹೆಚ್ಚಿರಲ್ಲ. ನಮ್ಮಲ್ಲಿ ನಡೆದಿದ್ದು ಬೇರೆ. ಒಂದು ಕಥೆ, ಒಂದು ಗಂಟೆ. ಯಾರಾದರೂ ಒಬ್ಬರು ಗಟ್ಟಿಯಾಗಿ ಓದ್ತಾರೆ, ಉಳಿದವರು ಕೇಳ್ತಾರೆ, ಆಮೇಲೆ ಜಗಳ. ಅಧ್ಯಕ್ಷರಿಲ್ಲ, ವಂದನಾರ್ಪಣೆ ಇಲ್ಲ. ಮೊದಲ ಸಲ ಬಂದೋರು ಏಳು ಜನ, ಅದರಲ್ಲಿ ಒಬ್ಬರು ಏಸಿಗೋಸ್ಕರ ಬಂದಿದ್ರು. ಹೋಗೋವಾಗ ಆ ಏಸಿಯವರೂ ಒಂದು ಪುಸ್ತಕ ತಗೊಂಡು ಹೋದ್ರು.

ಬೇರೆಯವರಿಂದ ಕಲಿಯೋದೂ ಇದೆ. ಡೊಂಬಿವ್ಲಿಯ ಪೈ ಫ್ರೆಂಡ್ಸ್ ಲೈಬ್ರರಿ 1986ರಲ್ಲಿ ಶುರುವಾಗಿದ್ದು. ಅವರು ಪುಸ್ತಕ ವಿನಿಮಯದ ಮೇಳ ಮಾಡ್ತಾರೆ. ಓದಿದ್ದು ತಂದು ಕೊಡಿ, ಓದದಿದ್ದನ್ನ ತಗೊಂಡು ಹೋಗಿ. ಡಬ್ಬದ ಸಮಸ್ಯೆಗೆ ಇದಕ್ಕಿಂತ ಒಳ್ಳೆ ಉಪಾಯ ನನಗೆ ಕಂಡಿಲ್ಲ. ಯಾಕಂದ್ರೆ ಕೊಡೋನು ಅಲ್ಲಿ ತಗೊಳ್ಳೋನೂ ಆಗಿರ್ತಾನೆ.

ಏನು ಓದೋದು? ಮುಂಬೈನಲ್ಲಿರೋ ಕನ್ನಡಿಗ ಮೊದಲು ಓದಬೇಕಾದ್ದು ಯಶವಂತ ಚಿತ್ತಾಲರ 'ಶಿಕಾರಿ'. 1979ರ ಕಾದಂಬರಿ. ಚಿತ್ತಾಲರು ನಮ್ಮ ಹಾಗೇ ತಾಂತ್ರಿಕ ಶಿಕ್ಷಣ ಪಡೆದವರು. ಉತ್ತರ ಕನ್ನಡದ ಹನೇಹಳ್ಳಿಯಿಂದ ಬಂದು, ರಾಸಾಯನಿಕ ಉದ್ಯಮದಲ್ಲಿ ದುಡಿದು, 2014ರಲ್ಲಿ ತೀರಿಕೊಳ್ಳೋವರೆಗೂ ಈ ಊರಲ್ಲೇ ಇದ್ದವರು. ಕಥಾನಾಯಕ ನಾಗನಾಥ ದೊಡ್ಡ ಕಂಪನಿಯಲ್ಲಿ ಕೆಲಸದಲ್ಲಿರೋನು. ಒಂದು ದಿನ ಅವನನ್ನ ಸಸ್ಪೆಂಡ್ ಮಾಡ್ತಾರೆ. ಅಲ್ಲಿಂದ ಶುರುವಾಗುತ್ತೆ, ಯಾರು ಮಾಡಿಸಿದ್ದು, ಯಾಕೆ ಮಾಡಿಸಿದ್ದು, ಯಾರನ್ನ ನಂಬೋದು. ಲೇಆಫ್ ಸುದ್ದಿ ಓಡಾಡ್ತಿದ್ದ ಒಂದು ತಿಂಗಳಲ್ಲಿ ನಾನು ಇದನ್ನ ಎರಡನೇ ಸಲ ಓದಿದೆ. ಎಚ್‌ಆರ್ ಕಡೆಯಿಂದ ಮೀಟಿಂಗ್ ಇನ್ವೈಟ್ ಬಂದಾಗ ಹೊಟ್ಟೇಲಿ ಏನಾಗುತ್ತೋ ಅದನ್ನ ಕನ್ನಡದಲ್ಲಿ ಇಷ್ಟು ಸರಿಯಾಗಿ ಬರೆದವರು ಇನ್ನೊಬ್ಬರಿಲ್ಲ ಅಂತ ನನ್ನ ನಂಬಿಕೆ. ಶುರುವಿನಲ್ಲಿ ನಿಧಾನ ಅನ್ನಿಸುತ್ತೆ, ಬಿಡಬೇಡಿ.

ರೈಲಿನಲ್ಲಿ ಓದೋಕೆ ಜಯಂತ ಕಾಯ್ಕಿಣಿ. ಅವರೂ ಇಲ್ಲಿ ಎರಡು ದಶಕಕ್ಕೂ ಹೆಚ್ಚು ಇದ್ದು ಕೆಲಸ ಮಾಡಿದವರು. 'ದಗಡೂ ಪರಬನ ಅಶ್ವಮೇಧ'ದಿಂದ ಶುರು ಮಾಡಿ. ಮದುವೆ ಮೆರವಣಿಗೆಯ ಕುದುರೆ ವರನನ್ನ ಹೊತ್ತುಕೊಂಡು ಓಡಿಬಿಡುತ್ತೆ. ಠಾಣೆಯಲ್ಲಿ ಹತ್ತಿ ದಾದರಿನಲ್ಲಿ ಇಳಿಯೋದರೊಳಗೆ ಒಂದು ಕಥೆ ಮುಗಿಯುತ್ತೆ, ಕೂರೋಕೆ ಸೀಟು ಸಿಕ್ಕಿದ್ರೆ. ಕನ್ನಡ ಓದೋಕೆ ಬಾರದ ಗೆಳೆಯರಿಗೆ ಇವರ ಮುಂಬೈ ಕಥೆಗಳು ತೇಜಸ್ವಿನಿ ನಿರಂಜನ ಅವರ ಇಂಗ್ಲಿಷ್ ಅನುವಾದದಲ್ಲಿ 'ನೋ ಪ್ರೆಸೆಂಟ್ಸ್ ಪ್ಲೀಸ್' ಅಂತ ಸಿಗ್ತವೆ. 2018ರ ಡಿಎಸ್‌ಸಿ ಪ್ರಶಸ್ತಿ ಬಂದ ಪುಸ್ತಕ. ಮೂರನೇದು ವ್ಯಾಸರಾಯ ಬಲ್ಲಾಳರ 'ಬಂಡಾಯ', 1986ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ, ಕಾರ್ಮಿಕರ ಮುಂಬೈ ಅದರಲ್ಲಿದೆ. ಸೊನ್ನೆ ಸರಿ ಮಾಡಿದ್ದೀವಿ, ಈಗ ಹುಡುಕಿದ್ರೆ ಸಿಗುತ್ತೆ.

ಇನ್ನೂ ಆಳಕ್ಕೆ ಹೋಗಬೇಕು ಅನ್ನೋರಿಗೆ ಕಲೀನಾದಲ್ಲಿ ಮುಂಬೈ ವಿಶ್ವವಿದ್ಯಾಲಯದ ಕನ್ನಡ ವಿಭಾಗ ಇದೆ, 1978ರಿಂದ. ಬಿಕೆಸಿಯಿಂದ ರಿಕ್ಷಾ ದೂರ. ಇನ್ನೊಂದು ಸಂಗತಿ ಕೇಳಿ. 1954ರ ಕೇಂದ್ರ ಕಾಯ್ದೆ ಪ್ರಕಾರ ದೇಶದಲ್ಲಿ ಅಚ್ಚಾಗೋ ಪ್ರತಿ ಪುಸ್ತಕವನ್ನೂ ಪ್ರಕಾಶಕರು ನಾಲ್ಕು ಗ್ರಂಥಾಲಯಕ್ಕೆ ಕಳಿಸಬೇಕು. ಕೋಲ್ಕತ್ತಾದ ರಾಷ್ಟ್ರೀಯ ಗ್ರಂಥಾಲಯ, ಚೆನ್ನೈನ ಕನ್ನಿಮರ, ದಿಲ್ಲಿ ಪಬ್ಲಿಕ್ ಲೈಬ್ರರಿ, ಮತ್ತೆ ನಮ್ಮ ಫೋರ್ಟಿನ ಟೌನ್ ಹಾಲಿನ ಸೆಂಟ್ರಲ್ ಲೈಬ್ರರಿ. ಪಟ್ಟಿಯಲ್ಲಿ ಬೆಂಗಳೂರಿಲ್ಲ, ಮುಂಬೈ ಇದೆ. ಧಾರವಾಡದಲ್ಲಿ ಅಚ್ಚಾದ ಕವನ ಸಂಕಲನಕ್ಕೂ ಕಾನೂನಿನ ಪ್ರಕಾರ ಈ ಊರಲ್ಲಿ ಒಂದು ವಿಳಾಸ ಇದೆ.

ಮಕ್ಕಳ ವಿಷಯ. ನಿಮ್ಮ ಮಗು ಶಾಲೇಲಿ ಮರಾಠಿ, ಹಿಂದಿ ಕಲೀತಾ ಇದೆ ಅಲ್ವಾ? ಹಾಗಾದ್ರೆ ಕನ್ನಡ ಲಿಪಿ ಅರ್ಧ ಬಂದ ಹಾಗೇನೇ. ಅಕ್ಷರಮಾಲೆಯ ಕ್ರಮ ಅದೇ, ಗುಣಿತದ ತರ್ಕ ಅದೇ. ಹಿಂದಿಯಲ್ಲಿ ಇಲ್ಲದ 'ಳ' ಮರಾಠಿಯಲ್ಲಿದೆ, ಹಾಗಾಗಿ ಮುಂಬೈನ ಮಗುವಿನ ನಾಲಿಗೆಗೆ ಅದೂ ಸಲೀಸು. ಹೊಸದಾಗಿ ಹೇಳಿಕೊಡಬೇಕಾದ್ದು ಎ-ಏ, ಒ-ಓ ವ್ಯತ್ಯಾಸ, ಒತ್ತಕ್ಷರ ಕೆಳಗೆ ಬರೋದು, ಮತ್ತೆ ಅರ್ಕಾವತ್ತು. ಮಾಸ್ತರು ಒಂದು ಬದಿಗೆ ದೇವನಾಗರಿ, ಇನ್ನೊಂದು ಬದಿಗೆ ಕನ್ನಡ ಬರೆದು ಪಾಠ ಮಾಡ್ತಾರೆ. ಓದೋಕೆ ಪ್ರಥಮ್ ಬುಕ್ಸಿನವರ ಸ್ಟೋರಿವೀವರ್ ಇದೆ, ಕನ್ನಡ ಕಥೆಗಳು ಚಿತ್ರದ ಸಮೇತ ಪುಕ್ಕಟೆ ಸಿಗ್ತವೆ, ಪ್ರಿಂಟ್ ಹಾಕಿಕೊಳ್ಳಬಹುದು. ಎಂಟು ವರ್ಷದ ಒಂದು ಹುಡುಗಿ ಇತ್ತೀಚೆಗೆ ಅಜ್ಜಿಗೆ ಫೋನಿನಲ್ಲೇ ಒಂದು ಕಥೆ ಓದಿ ಹೇಳಿದ್ಲು. ಆ ಕಡೆ ಅಜ್ಜಿ ಮಾತೇ ಆಡಲಿಲ್ಲವಂತೆ, ಕನೆಕ್ಷನ್ ಹೋಯ್ತು ಅಂದುಕೊಂಡು ಇವಳು ಕಟ್ ಮಾಡಿಬಿಟ್ಲು.

ಮತ್ತೆ ನಾವು ಸಾಮಾನ್ಯವಾಗಿ ಮರೆಯೋ ಒಂದು ಮಾತು. ಮುಂಬೈನ ಕನ್ನಡಿಗರು ಅಂದ್ರೆ ಹೋಟೆಲಿನವರು, ಬ್ಯಾಂಕಿನವರು, ನಾವು, ಇಷ್ಟೇ ಅಲ್ಲ. ನಿಮ್ಮ ಹೊಸ ಟವರಿನ ಪಕ್ಕ ಇನ್ನೊಂದು ಟವರ್ ಏಳ್ತಾ ಇದ್ರೆ ಅಲ್ಲಿ ಕಿವಿಗೊಡಿ. ಕಲಬುರಗಿ, ಯಾದಗಿರಿ ಕಡೆಯ ಮಾತು ಕೇಳಿಸಬಹುದು. ನಾನು ಹೋಗಿ ಮಾತಾಡಿಸಿದಾಗ ಒಬ್ಬ ಅಕ್ಕ, "ಏನ್ರೀ ಸರ, ನೀವೂ ನಮ್ ಕಡೇವ್ರೇನ್ರಿ?" ಅಂತ ಕೇಳಿದ್ರು. ಅವರು ಭಾನುವಾರ ಸಂಜೆ ನಾಲ್ಕಕ್ಕೆ ವಾಚನಾಲಯಕ್ಕೆ ಬರೋಕೆ ಆಗಲ್ಲ, ಬಂದ್ರೂ ಸೆಕ್ಯೂರಿಟಿಯವನು ಬಿಡಲ್ಲ. ಹಾಗಾಗಿ ಈಗ ಇಪ್ಪತ್ತು ಮಕ್ಕಳ ಪುಸ್ತಕದ ಒಂದು ಚೀಲ ತಿಂಗಳಿಗೆರಡು ಸಲ ಆ ಸೈಟಿಗೆ ಹೋಗುತ್ತೆ. ಎರಡು ಪುಸ್ತಕ ವಾಪಸ್ ಬಂದಿಲ್ಲ. ಮಾಸ್ತರು ರಿಜಿಸ್ಟರಿನಲ್ಲಿ ಅವನ್ನ 'ಕಳೆದಿದೆ' ಅಂತ ಬರೆಯಲಿಲ್ಲ, 'ಓದುತ್ತಿದ್ದಾರೆ' ಅಂತ ಬರೆದಿದ್ದಾರೆ. ಚೀಲ ಹೊರೋಕೆ ಇನ್ನಿಬ್ಬರು ಬೇಕು, ಸ್ಕೂಟರ್ ಇದ್ರೆ ಅನುಕೂಲ.

ಮುಂದಿನ ಓದು 'ಶಿಕಾರಿ'ಯ ಮೊದಲ ಐವತ್ತು ಪುಟ. ನಮ್ಮಲ್ಲಿ ಅದರ ನಾಲ್ಕು ಪ್ರತಿ ಇದೆ, ಆ ಮೇಜಿನ ಮೇಲಿಟ್ಟಿದ್ದೀನಿ, ಪಕ್ಕದಲ್ಲಿ ರಿಜಿಸ್ಟರೂ ಇದೆ. ಹೆಸರು ಕನ್ನಡದಲ್ಲೇ ಬರೀರಿ, ಸೊನ್ನೆ ಮಾತ್ರ ನೋಡಿಕೊಂಡು. ಈಗ ಪ್ರಶ್ನೆ ಇದ್ರೆ ಕೇಳಿ.