ಲೇತ್ ನಿಂತುಹೋಯ್ತಾ? ಹೊಸ ಬೋರ್ಡ್ ಆರ್ಡರ್ ಮಾಡೋ ಮುಂಚೆ ಇದನ್ನ ಕೇಳಿ

ಇವತ್ತಿನ ವಿಷಯ ಮಿನಿ ಲೇತ್. ಟೇಬಲ್ ಮೇಲೆ ಕೂರುತ್ತಲ್ಲ, ಸ್ಪೀಡ್ ನಾಬ್ ಇರೋ ಚಿಕ್ಕ ಯಂತ್ರ, ಅದು. ಹವ್ಯಾಸಕ್ಕೆ ಅಂತ ತಗೊಂಡವರ ಹತ್ತಿರ ಒಂದೇ ದೂರು ಕೇಳ್ತೀನಿ: "ಸ್ವಿಚ್ ಹಾಕಿದೆ, ತಿರುಗಲಿಲ್ಲ. ಬೋರ್ಡ್ ಹೋಗಿದೆ ಅನ್ಸುತ್ತೆ."

ಈ "ಅನ್ಸುತ್ತೆ" ಅನ್ನೋ ಪದಕ್ಕೆ ದುಡ್ಡು ಜಾಸ್ತಿ ಖರ್ಚಾಗುತ್ತೆ. ನಾನು ಓದಿದ್ದು ಬಿಕಾಂ. ಲೆಕ್ಕ ಟ್ಯಾಲಿ ಆಗದಿದ್ದಾಗ ಯಾರೂ ಇಡೀ ಲೆಡ್ಜರ್ ಬದಲಾಯಿಸಲ್ಲ, ಎಂಟ್ರಿ ಒಂದೊಂದಾಗಿ ನೋಡ್ತಾರೆ. ಇಲ್ಲೂ ಅಷ್ಟೇ. ಮೋಟಾರ್ ಶಾರ್ಟ್ ಆಗಿದ್ದಾಗ ಹೊಸ ಬೋರ್ಡ್ ಹಾಕಿದ್ರೆ, ಸ್ವಿಚ್ ಒತ್ತಿದ ಕೂಡಲೇ ಅದೂ ಸುಟ್ಟು ಹೋಗಬಹುದು. ಹಾಗಾಗಿ ಮೊದಲು ಮೋಟಾರ್, ಆಮೇಲೆ ಬೋರ್ಡ್.

ನಾನು ಹೇಳ್ತಿರೋದು ಕಾರ್ಬನ್ ಬ್ರಷ್ ಇರೋ ಡಿಸಿ ಮೋಟಾರ್ ಬಗ್ಗೆ. ಬೋರ್ಡಿಂದ ಎರಡು ದಪ್ಪ ವೈರ್ ಬಂದಿರುತ್ತೆ. ಮೂರು ವೈರ್ ಇದ್ರೆ ಅದು ಬ್ರಷ್‌ಲೆಸ್ ಆಗಿರಬಹುದು, ಅದಕ್ಕೆ ಈ ವಿಧಾನ ಹೊಂದಲ್ಲ.

ಮೊದಲು ಜೀವದ ಮಾತು. ಮನೆಯ 230 ವೋಲ್ಟ್ ಎಸಿ, ಬೋರ್ಡ್ ಒಳಗೆ ಡಿಸಿ ಆದಾಗ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್‌ವರೆಗೆ ಕೂರುತ್ತೆ. ಪ್ಲಗ್ ಕಿತ್ತ ಮೇಲೂ ಸ್ವಲ್ಪ ಹೊತ್ತು ಅಲ್ಲೇ ಇರುತ್ತೆ. ಪ್ಲಗ್ ತೆಗೀರಿ, ಹತ್ತು ನಿಮಿಷ ಬಿಡಿ, ಮಲ್ಟಿಮೀಟರ್‌ನಲ್ಲಿ ಡಿಸಿ ವೋಲ್ಟೇಜ್ ಅಳೆದು ಸೊನ್ನೆ ಹತ್ತಿರ ಬಂದಿದೆ ಅಂತ ಖಾತ್ರಿ ಮಾಡ್ಕೊಂಡೇ ಕೈ ಹಾಕಿ. ಇನ್ನೊಂದು ವಿಷಯ: ಇಂಥ ಎಷ್ಟೋ ಬೋರ್ಡ್‌ಗಳಲ್ಲಿ ಸ್ಪೀಡ್ ನಾಬ್‌ನ ಸಣ್ಣ ವೈರ್‌ಗಳೂ ನೇರ ಮೇನ್ಸ್‌ಗೆ ಸೇರಿರುತ್ತೆ. "ಸಣ್ಣ ವೈರ್ ತಾನೇ" ಅಂತ ಮುಟ್ಟಬೇಡಿ.

ಈಗ ಸುಲಭದ್ದರಿಂದ ಶುರು. ಪೂರ್ತಿ ಡೆಡ್ ಆಗಿದ್ರೆ ಫ್ಯೂಸ್ ನೋಡಿ. ಆಮೇಲೆ ಹಸಿರು-ಕೆಂಪು ಬಟನ್. ಕರೆಂಟ್ ಹೋಗಿ ಬಂದಾಗ ಲೇತ್ ತಾನಾಗೇ ಶುರು ಆಗಬಾರದು ಅಂತ ಇಂಥ ಸ್ವಿಚ್ ಒಳಗೆ ಒಂದು ಕಾಯಿಲ್ ಇರುತ್ತೆ. ಹಸಿರು ಬಟನ್ ಒತ್ತಿ ಬಿಟ್ಟರೆ ನಿಲ್ಲಲ್ಲ ಅಂದ್ರೆ ತೊಂದರೆ ಅಲ್ಲೇ ಇರಬಹುದು. ಚಕ್ ಮೇಲಿನ ಗಾರ್ಡ್‌ಗೂ ಒಂದು ಮೈಕ್ರೋಸ್ವಿಚ್ ಇರುತ್ತೆ, ಅದರ ಕಂಟಿನ್ಯುಟಿ ನೋಡಿ. ಕೆಟ್ಟಿದ್ರೆ ಬದಲಾಯಿಸಿ. ದಯವಿಟ್ಟು ಬೈಪಾಸ್ ಮಾಡಬೇಡಿ. ಕರೆಂಟ್ ಯಾವಾಗ ಹೋಗುತ್ತೆ, ಯಾವಾಗ ಬರುತ್ತೆ ಗೊತ್ತಿಲ್ಲದ ನಮ್ಮ ಊರುಗಳಲ್ಲಿ ಈ ಎರಡು ಸ್ವಿಚ್ ನಿಮ್ಮ ಬೆರಳು ಉಳಿಸುತ್ತೆ.

ಮನೆಯಲ್ಲಿ ಟ್ರಿಪ್ ಆಗ್ತಿದ್ರೆ ಯಾವುದು ಟ್ರಿಪ್ ಆಯ್ತು ನೋಡಿ. ಎಂಸಿಬಿ ಬಿದ್ರೆ ಶಾರ್ಟ್ ಕಡೆ ಅನುಮಾನ. ಆರ್‌ಸಿಸಿಬಿ ಬಿದ್ರೆ ಕರೆಂಟ್ ಅರ್ತ್‌ಗೆ ಸೋರ್ತಿದೆ ಅಂತ. ಎಷ್ಟೋ ಸಲ ಕಾರಣ ಮೋಟಾರ್ ಒಳಗೆ ಕೂತಿರೋ ಕಾರ್ಬನ್ ಪುಡಿ, ಇಲ್ಲಾ ಕಂಟ್ರೋಲ್ ಬಾಕ್ಸ್‌ಗೆ ಬಿದ್ದ ಕಬ್ಬಿಣದ ಚೂರು.

ಈಗ ಮೋಟಾರ್. ಪಕ್ಕದ ಎರಡು ಕ್ಯಾಪ್ ಬಿಚ್ಚಿ, ಬ್ರಷ್ ಹೊರಗೆ ತೆಗೀರಿ. ತೀರಾ ಸವೆದಿದ್ರೆ, ಸ್ಪ್ರಿಂಗ್ ಸತ್ತಿದ್ರೆ, ಎರಡನ್ನೂ ಒಟ್ಟಿಗೆ ಬದಲಾಯಿಸಿ. ಆಮೇಲೆ ಬೆಲ್ಟ್ ತೆಗೆದು, ಮೋಟಾರ್‌ನ ಎರಡೂ ವೈರ್ ಬೋರ್ಡಿಂದ ಬಿಡಿಸಿ, ಫ್ಯೂಸ್ ಇರೋ ವೈರ್‌ನಲ್ಲಿ 12 ವೋಲ್ಟ್ ಬ್ಯಾಟರಿ ಕೊಡಿ. ಬೈಕ್ ಬ್ಯಾಟರಿ ಸಾಕು. ಮೋಟಾರ್ ನಿಧಾನಕ್ಕೆ, ಒಂದೇ ಸಮ ತಿರುಗಬೇಕು. ತಡವರಿಸಿದ್ರೆ ಬ್ರಷ್ ಅಥವಾ ಕಮ್ಯುಟೇಟರ್ ಕೊಳೆ. ಫ್ಯೂಸ್ ಹೋದ್ರೆ ಒಳಗೆ ಶಾರ್ಟ್. ಜೊತೆಗೆ ವೈರ್‌ಗೂ ಮೋಟಾರ್ ಬಾಡಿಗೂ ನಡುವೆ ಮೀಟರ್ ಹಿಡೀರಿ, ಕಂಟಿನ್ಯುಟಿ ತೋರಿಸಲೇಬಾರದು.

ಮೋಟಾರ್ ಪಾಸ್ ಆಯ್ತಾ? ಸ್ಪೀಡ್ ನಾಬ್ ನೋಡಿ. ಅದರ ಕನೆಕ್ಟರ್ ಬಿಡಿಸಿ ಓಮ್ಸ್ ಅಳೆಯುತ್ತಾ ನಿಧಾನಕ್ಕೆ ತಿರುಗಿಸಿ. ರೀಡಿಂಗ್ ಮೆಲ್ಲಗೆ ಏರಬೇಕು. ಹಾರಿದ್ರೆ ಲೇತ್ ಜರ್ಕ್ ಹೊಡೆಯೋದಕ್ಕೆ ಅದೇ ಕಾರಣ. ಇದೂ ಅಗ್ಗದ ಪಾರ್ಟ್.

ಉಳಿದದ್ದು ಬೋರ್ಡ್. ಮೋಟಾರ್ ಜಾಗದಲ್ಲಿ ಹಳೇ ಕಾಲದ 100 ವಾಟ್ ಫಿಲಮೆಂಟ್ ಬಲ್ಬ್ ಕನೆಕ್ಟ್ ಮಾಡಿ ನೋಡಬಹುದು. ಇದು ಲೈವ್ ಕೆಲಸ. ಅಭ್ಯಾಸ ಇಲ್ಲ ಅಂದ್ರೆ ಎಲೆಕ್ಟ್ರಿಷಿಯನ್ ಕೈಲಿ ಮಾಡಿಸಿ. ನಾಬ್ ಸೊನ್ನೆಯಿಂದ ಏರಿಸಿದಂತೆ ಬೆಳಕೂ ಏರಿದ್ರೆ ಬೋರ್ಡ್ ಹೆಚ್ಚುಕಡಿಮೆ ಸರಿಯಿದೆ. ಬೆಳಕೇ ಇಲ್ಲದಿದ್ರೆ ಬೋರ್ಡ್ ಕೆಟ್ಟಿದೆ. ನಾಬ್ ಸೊನ್ನೆಯಲ್ಲಿದ್ದರೂ ಫುಲ್ ಬೆಳಗಿದ್ರೆ ಪವರ್ ಟ್ರಾನ್ಸಿಸ್ಟರ್ ಶಾರ್ಟ್ ಆಗಿರೋ ಸಾಧ್ಯತೆ ಹೆಚ್ಚು. ಇದೇ ಎಲ್ಲಕ್ಕಿಂತ ಅಪಾಯ. ಚಕ್ ಕೀ ಮರೆತು ಅಲ್ಲೇ ಬಿಟ್ಟಿರೋ ದಿನ, ಲೇತ್ ಹೇಳದೆ ಕೇಳದೆ ಫುಲ್ ಸ್ಪೀಡ್‌ಗೆ ಹೋದ್ರೆ ಆ ಕೀ ಗುಂಡಿನ ಥರ ಹಾರುತ್ತೆ. "ಆಮೇಲೆ ನೋಡೋಣ" ಅಂತ ಅಂಥ ಲೇತ್‌ನಲ್ಲಿ ಕೆಲಸ ಮುಂದುವರಿಸಬೇಡಿ.

ಬೋರ್ಡ್ ಯಾಕೆ ಸುಡುತ್ತೆ? ಮೋಟಾರ್ ತಿರುಗುವಾಗ ತಾನೇ ಒಂದು ಎದುರು ವೋಲ್ಟೇಜ್ ಹುಟ್ಟಿಸಿ ಕರೆಂಟ್‌ಗೆ ಕಡಿವಾಣ ಹಾಕುತ್ತೆ. ದಪ್ಪ ಕಟ್ ತಗೊಂಡು ಮೋಟಾರ್ ಸಿಕ್ಕಿಕೊಂಡ್ರೆ ಆ ಕಡಿವಾಣ ಹೋಗುತ್ತೆ, ಕರೆಂಟ್ ನುಗ್ಗುತ್ತೆ. ಜೊತೆಗೆ ಫ್ಯಾನ್ ಮೋಟಾರ್ ಶಾಫ್ಟ್ ಮೇಲೇ ಇದ್ರೆ ಅದೂ ನಿಧಾನ. ಬಿಸಿ ಹೋಗೋಕೆ ದಾರಿ ಇಲ್ಲ. ಅದಕ್ಕೇ ಭಾರದ ಕೆಲಸಕ್ಕೆ ನಾಬ್ ಇಳಿಸೋ ಬದಲು ಲೋ ಗೇರ್ ಹಾಕಿ, ಕಟ್ ತೆಳುವಾಗಿರಲಿ.

ಬೋರ್ಡೇ ಹೋಗಿದೆ ಅಂತ ಖಾತ್ರಿ ಆದ್ರೆ ಹಳೇದನ್ನ, ಮೋಟಾರ್ ನೇಮ್‌ಪ್ಲೇಟ್ ಫೋಟೋನ ಜೊತೆಗೆ ತಗೊಂಡು ಹೋಗಿ. ಬೆಂಗಳೂರಿನವರಾದ್ರೆ ಎಸ್‌ಪಿ ರೋಡ್‌ನಲ್ಲಿ ವಿಚಾರಿಸಿ. ಬೋರ್ಡ್‌ನ ವೋಲ್ಟೇಜ್, ಆಂಪ್ಸ್ ಎರಡೂ ನಿಮ್ಮ ಮೋಟಾರ್‌ಗೆ ಹೊಂದಬೇಕು. ಹೊಸದು ಹಾಕಿದ ಮೇಲೆ ಬಾಕ್ಸ್ ಒಳಗೆ ಚೂರು ಬೀಳೋ ಸಂದಿಗಳನ್ನ ಮುಚ್ಚಿ, ಗಾಳಿ ಆಡೋ ಕಿಂಡಿಗಳನ್ನ ಮಾತ್ರ ಬಿಡಿ.

ಇಷ್ಟು ಇವತ್ತಿಗೆ. ಲೇತ್ ಇರೋ ಗೆಳೆಯರಿಗೆ ಈ ಎಪಿಸೋಡ್ ಫಾರ್ವರ್ಡ್ ಮಾಡಿ. ಬಾಕ್ಸ್ ಬಿಚ್ಚೋ ಮುಂಚೆ ಪ್ಲಗ್ ತೆಗೀರಿ. ಮತ್ತೆ ಸಿಗೋಣ.