ಖಾಲಿಯಾದ ಆಸನ



ಕಳೆದ ತಿಂಗಳು ನನ್ನ ಮೊಮ್ಮಗಳು ಭದ್ರಾವತಿಯಿಂದ ಶಿವಮೊಗ್ಗಕ್ಕೆ ಸ್ಕೂಟರಿನಲ್ಲಿ ಒಬ್ಬಳೇ ಹೋಗಿಬರುವೆನೆಂದಳು. ಪರವಾನಗಿ ಇದೆ, ಕೈಯೂ ಪಳಗಿದೆ. ಆದರೂ ನಾನು ಹಿಂದಿನ ಆಸನದಲ್ಲಿ ಕುಳಿತೇಬಿಟ್ಟೆ. ಮಾಚೇನಹಳ್ಳಿಯ ಬಳಿ, ಸೋಗಾನೆಯ ಕುವೆಂಪು ವಿಮಾನ ನಿಲ್ದಾಣದತ್ತ ಇಳಿಯುತ್ತಿದ್ದ ವಿಮಾನ ಕಂಡಿತು. "ಅಜ್ಜಾ, ಅದನ್ನು ನಡೆಸುವವರ ಹಿಂದೆಯೂ ಅವರ ಅಜ್ಜ ಕೂತಿರುತ್ತಾರೆಯೇ?" ಎಂದಳು. ನನ್ನಲ್ಲಿ ಉತ್ತರವಿರಲಿಲ್ಲ.

1936ರಲ್ಲಿ ಲಾಹೋರಿನಲ್ಲಿ ಇಪ್ಪತ್ತೊಂದರ ಹರೆಯದ ಗೃಹಿಣಿಯೊಬ್ಬರು ಸೀರೆಯುಟ್ಟೇ ಜಿಪ್ಸಿ ಮಾತ್ ವಿಮಾನವನ್ನು ಏಕಾಂಗಿಯಾಗಿ ಹಾರಿಸಿದರು. ಮುಂದೆ ಸರಳಾ ಠಕ್ರಾಲ್ ಎಂದು ಹೆಸರಾದವರು ಇವರೇ. ಆ ಪುಟ್ಟ ವಿಮಾನದಲ್ಲಿ ಒಂದರ ಹಿಂದೊಂದು ಎರಡೇ ಆಸನ, ನಮ್ಮ ಸ್ಕೂಟರಿನಂತೆಯೇ. ಏಕಾಂಗಿ ಹಾರಾಟವೆಂದರೆ ಗುರು ತನ್ನ ಆಸನ ಬಿಟ್ಟು ಕೆಳಗಿಳಿಯುವುದು. ಒಬ್ಬರ ಭಾರ ತಗ್ಗಿದ ವಿಮಾನ ಎಂದಿಗಿಂತ ಬೇಗ ನೆಲ ಬಿಡುತ್ತದೆ, ಬಿರುಸಾಗಿ ಏರುತ್ತದೆ. ಬಳಿಕ ಮೈದಾನಕ್ಕೊಂದು ಸುತ್ತು, ಮತ್ತೆ ನೆಲ. ಕೆಲವೇ ನಿಮಿಷಗಳ ಕೆಲಸ. ಆದರೆ ಮೇಲೇರಿದುದನ್ನು ಇಳಿಸಬೇಕಾದವರು ಅವರೊಬ್ಬರೇ.

ಕೆಳಗೆ ನಿಂತವರ ಭಯ ಸುಳ್ಳೆಂದು ನಾನು ಹೇಳಲಾರೆ. 1939ರಲ್ಲಿ ಸರಳಾ ಅವರ ಪತಿ ವಿಮಾನಾಪಘಾತದಲ್ಲಿಯೇ ತೀರಿಕೊಂಡರು. ಮಹಾಯುದ್ಧ ಅವರ ಮುಂದಿನ ತರಬೇತಿಯನ್ನೂ ನಿಲ್ಲಿಸಿತು. ಅವರು ಚಿತ್ರಕಲೆಯತ್ತ ತಿರುಗಿದರು. ಆಕಾಶ ಯಾರಿಗೂ ರಿಯಾಯಿತಿ ತೋರುವುದಿಲ್ಲ.

ನಮ್ಮ ನಾಡಿನಲ್ಲೂ ಇಂತಹ ಸಾಹಸಿಯೊಬ್ಬರಿದ್ದರು. ಬೆಂಗಳೂರಿನ ಜಕ್ಕೂರಿನ ಸರಕಾರಿ ವೈಮಾನಿಕ ತರಬೇತಿ ಶಾಲೆಯಿಂದ 1949ರಲ್ಲಿ ತೇರ್ಗಡೆಯಾದ ಉಷಾ ಸುಂದರಂ. ಒಬ್ಬರೇ ಹಾರದೆ ಯಾರಿಗೂ ಚಾಲಕರ ಪರವಾನಗಿ ದೊರೆಯದು. ಅವರಿಗಾಗಿಯೂ ಒಂದು ದಿನ ಗುರುವಿನ ಆಸನ ಖಾಲಿಯಾಗಿರಲೇಬೇಕು. 1951ರಲ್ಲಿ ಪತಿ ವಿ. ಸುಂದರಂ ಅವರೊಡನೆ ಡವ್ ವಿಮಾನವನ್ನು ಲಂಡನ್ನಿನಿಂದ ಮುಂಬಯಿಗೆ 27 ಗಂಟೆಗಳಲ್ಲಿ ತಂದರು. ಅಲ್ಲಿ ಪಕ್ಕದ ಆಸನದಲ್ಲಿ ಪತಿ ಇದ್ದರು ನಿಜ. ಆದರೆ ಕಾವಲಿಗಾಗಿ ಅಲ್ಲ, ಸರಿಸಮನಾದ ಜೊತೆಗಾರನಾಗಿ. ಒಮ್ಮೆ ಖಾಲಿಯಾದ ಆಸನದಲ್ಲಿ ಮಾತ್ರ ಅಂತಹ ಜೊತೆಗಾರ ಬಂದು ಕೂರಬಲ್ಲ ಎಂದು ನನಗೆ ತೋರುತ್ತದೆ.

ಹಾರಿದವರನ್ನು ನಾವು ಕೊಂಡಾಡುತ್ತೇವೆ. ಇಳಿದು ನಿಂತವರ ಧೈರ್ಯವನ್ನು ನೆನೆಯುವುದು ಕಡಿಮೆ. ನಮ್ಮ ಮನೆಗಳಲ್ಲಿ ಎಷ್ಟೋ ಹೆಣ್ಣುಮಕ್ಕಳು ಕಲಿತೂ ಹಾರದೆ ಉಳಿದದ್ದು ಕೈ ಪಳಗದೆ ಅಲ್ಲ, ನಾವು ಇಳಿಯದೆ.

ಕಳೆದ ಭಾನುವಾರ ನಾನು ಇಳಿದೆ. ಮೊಮ್ಮಗಳು ಒಬ್ಬಳೇ ಹೊರಟಳು. ನನ್ನ ಭಾರವಿಲ್ಲದ ಸ್ಕೂಟರು ಎಂದಿಗಿಂತ ಹಗುರಾಗಿ ಓಡಿದಂತೆ ಕಂಡಿತು. ಶಿವಮೊಗ್ಗ ತಲುಪಿದೆನೆಂದು ಅವಳ ಫೋನು ಬರುವವರೆಗೆ ನಾನು ಜಗುಲಿ ಬಿಟ್ಟು ಏಳಲಿಲ್ಲ.