ಬೌದ್ಧಧರ್ಮದಲ್ಲಿ ಪ್ರಾರ್ಥನೆಯ ಅರ್ಥ

(ವಾರ್ಷಿಕೋತ್ಸವದ ಸಭೆಯಲ್ಲಿ ಮಾಡಿದ ಭಾಷಣ)



ಪ್ರಾರ್ಥನೆಯೆಂದೊಡನೆ ನಮಗೆ ಹೊಳೆಯುವುದು ಬೇಡಿಕೆ. ಮಗುವಿಗೆ ಜ್ವರ ಬಂದರೆ ಹರಕೆ ಹೊರುತ್ತೇವೆ; ಮಳೆ ತಡವಾದರೆ ಮೊರೆಯಿಡುತ್ತೇವೆ. ಜಗತ್ತನ್ನು ಸೃಷ್ಟಿಸಿ ಆಳುವ ಈಶ್ವರನೊಬ್ಬನನ್ನು ಒಪ್ಪದ ಬೌದ್ಧಧರ್ಮದಲ್ಲಿ ಯಾರನ್ನು ಬೇಡುವುದು, ಏನೆಂದು ಬೇಡುವುದು?

ಉತ್ತರವನ್ನರಸಿ ನಾವು ಗಯೆಗೆ ಹೋಗಬೇಕಾಗಿಲ್ಲ. ನಮ್ಮ ಕರ್ನೂಲು ಸೀಮೆಯ ಜೊನ್ನಗಿರಿಯ ಬಳಿ, ಎರ್ರಗುಡಿಯ ಬಂಡೆಗಳ ಮೇಲೆ, ಕ್ರಿ.ಪೂ. 3ನೆಯ ಶತಮಾನದಲ್ಲಿ ಅಶೋಕ ಚಕ್ರವರ್ತಿ ಕೆತ್ತಿಸಿದ 14 ಧರ್ಮಶಾಸನಗಳಿವೆ. ಅವುಗಳಲ್ಲಿ 9ನೆಯದು ನಮ್ಮ ಮನೆಗಳ ಮಾತನ್ನೇ ಆಡುತ್ತದೆ. ಕಾಯಿಲೆಯಲ್ಲಿ, ಮದುವೆಯಲ್ಲಿ, ಮಗು ಹುಟ್ಟಿದಾಗ, ಪ್ರಯಾಣಕ್ಕೆ ಹೊರಟಾಗ ಜನರು ಬಗೆಬಗೆಯ ಮಂಗಳಕಾರ್ಯಗಳನ್ನು ಮಾಡುತ್ತಾರೆ. ಮಾಡಲಿ, ಆದರೆ ಅವುಗಳ ಫಲ ಅಲ್ಪ ಎನ್ನುತ್ತಾನೆ ಅರಸು. ಹೆಂಗಸರೇ ಇಂಥವನ್ನು ಹೆಚ್ಚಾಗಿ ಮಾಡುವರೆಂದೂ ಸೇರಿಸಿದ್ದಾನೆ. ಈ ಮಾತು ನಮಗೆ ಅಷ್ಟು ನ್ಯಾಯವೆನಿಸದು. ಹರಕೆ ಹೊರುವ ಗಂಡಸರಿಗೆ ನಮ್ಮಲ್ಲೇನೂ ಬರವಿಲ್ಲ! ಹೆಚ್ಚು ಫಲವುಳ್ಳದ್ದು ಧರ್ಮಮಂಗಳ: ಆಳುಕಾಳುಗಳನ್ನು ಸರಿಯಾಗಿ ನಡೆಸಿಕೊಳ್ಳುವುದು, ಗುರುಗಳನ್ನು ಗೌರವಿಸುವುದು, ಪ್ರಾಣಿಗಳ ವಿಷಯದಲ್ಲಿ ಸಂಯಮ, ಶ್ರಮಣರಿಗೂ ಬ್ರಾಹ್ಮಣರಿಗೂ ದಾನ.

ಅರಸನು ಇದನ್ನು ಬುದ್ಧವಚನವೆಂದು ಹೇಳಿಲ್ಲ, ನಿಜ. ಆದರೆ ಭಗವಾನ್ ಬುದ್ಧನ ಮಾತಿನ ಧೋರಣೆಯೂ ಇದೇ. ನಾಲಂದೆಯ ಮಾವಿನ ತೋಪಿನಲ್ಲಿ ಊರ ಮುಖಂಡನೊಬ್ಬನು, ಸತ್ತವರನ್ನು ಸ್ವರ್ಗಕ್ಕೇರಿಸಬಲ್ಲೆವೆಂದು ಪುರೋಹಿತರು ಹೇಳುವುದನ್ನು ಆತನ ಮುಂದಿಟ್ಟನು. ಬುದ್ಧನು ಮರುಪ್ರಶ್ನೆ ಹಾಕಿದನು: ಆಳವಾದ ಮಡುವಿಗೆ ಬಂಡೆಯನ್ನೆಸೆದು, ದಂಡೆಯ ಮೇಲೆ ಜನರೆಲ್ಲ ಕೈಮುಗಿದು ಸುತ್ತಿದರೆ ಅದು ತೇಲಿ ಬಂದೀತೇ? ತುಪ್ಪದ ಗಡಿಗೆ ನೀರಿನಲ್ಲಿ ಒಡೆದರೆ, ಮುಳುಗೆಂದು ಪ್ರಾರ್ಥಿಸಿದ ಮಾತ್ರಕ್ಕೆ ತುಪ್ಪ ಮುಳುಗೀತೇ? ನಡತೆಯ ಭಾರವೂ ಹಗುರವೂ ಹಾಗೆಯೇ. ತುಂಗಭದ್ರೆಯ ಮಡುಗಳನ್ನು ಬಲ್ಲ ನಮಗೆ ಇದಕ್ಕೆ ಟೀಕೆ ಬೇಕಿಲ್ಲ.

ಹಾಗಾದರೆ ಬೌದ್ಧರು ಕೈಮುಗಿಯುವುದೇ ಇಲ್ಲವೇ? ಮುಗಿಯುತ್ತಾರೆ. ತ್ರಿಶರಣವನ್ನು ಹೇಳಿ, ಪಂಚಶೀಲವನ್ನು ಕೈಕೊಳ್ಳುತ್ತಾರೆ. ಕೊಲ್ಲೆನು, ಕದಿಯೆನು, ಸುಳ್ಳಾಡೆನು ಎಂಬಂಥ ಈ ಐದೂ, ಇನ್ನೊಬ್ಬರಿಂದ ಪಡೆಯುವ ವರಗಳಲ್ಲ, ತಾನೇ ತೊಡುವ ಸಂಕಲ್ಪಗಳು. ಮೈತ್ರೀಭಾವನೆಯಲ್ಲಿ ಸಕಲ ಜೀವಿಗಳ ಸುಖವನ್ನು ಹಾರೈಸುವಾಗ ಮೊದಲು ತಿಳಿಯಾಗಬೇಕಾದದ್ದು ಹಾರೈಸುವವನ ಮನಸ್ಸೇ. 1960ರ ದಶಕದಿಂದ ಮೈಸೂರು ಜಿಲ್ಲೆಯ ಬೈಲಕುಪ್ಪೆಯಲ್ಲಿ ನೆಲೆಸಿರುವ ಟಿಬೆಟನ್ನರು ಮಂತ್ರಚಕ್ರಗಳನ್ನು ತಿರುಗಿಸುತ್ತಾರೆ, ಬೋಧಿಸತ್ತ್ವರ ನೆರವನ್ನೂ ಕೋರುತ್ತಾರೆ. ಮತದೊಳಗೆ ಪಂಥಭೇದವುಂಟು. ಆದರೂ ಬಂದ ಪುಣ್ಯವನ್ನು ಎಲ್ಲ ಜೀವಿಗಳಿಗೂ ಅರ್ಪಿಸಿಬಿಡುವುದು ಅಲ್ಲಿಯ ಪದ್ಧತಿ.

ಜ್ವರದ ಮಗುವಿನ ಪಕ್ಕದಲ್ಲಿ ಕುಳಿತ ತಾಯಿಗೆ ಈ ವಿಚಾರಗಳೆಲ್ಲ ಶುಷ್ಕವೆನಿಸಬಹುದು. ರೋಗಿಯ ಬಳಿ ಪರಿತ್ತವೆಂಬ ರಕ್ಷಾಸೂತ್ರಗಳನ್ನು ಪಠಿಸುವ ರೂಢಿ ಬೌದ್ಧರಲ್ಲಿಯೂ ಇದೆ. ಯಾರೂ ಆಕೆಯನ್ನು ಗದರಿಸುವುದಿಲ್ಲ. ಆದರೆ ವಿನಯಪಿಟಕದ ಒಂದು ಪ್ರಸಂಗವನ್ನು ಆಕೆಗೆ ಹೇಳಬೇಕು. ಅತಿಸಾರದಿಂದ ನರಳುತ್ತ, ತನ್ನ ಹೊಲಸಿನಲ್ಲಿಯೇ ಬಿದ್ದಿದ್ದ ಭಿಕ್ಷುವೊಬ್ಬನನ್ನು ಸಂಗಡಿಗರು ಕೈಬಿಟ್ಟಿದ್ದರು. ಅದನ್ನು ಕಂಡ ಬುದ್ಧನು ಆನಂದನಿಂದ ನೀರು ತರಿಸಿದನು. ತಾನೇ ನೀರು ಹೊಯ್ದನು, ಆನಂದನು ಮೈ ತೊಳೆದನು. ತಲೆಯ ಕಡೆ ಒಬ್ಬರು, ಕಾಲ ಕಡೆ ಒಬ್ಬರು ಹಿಡಿದು ಮಂಚದ ಮೇಲೆ ಮಲಗಿಸಿದರು. ಆಮೇಲೆ ಭಿಕ್ಷುಗಳನ್ನು ಕರೆಯಿಸಿ, ತನಗೆ ಉಪಚಾರ ಮಾಡಬೇಕೆನ್ನುವವನು ರೋಗಿಗೆ ಉಪಚಾರ ಮಾಡಲಿ ಎಂದನು.